ಕತ್ತೆಗೆ ನಿಷೇಧ, ಪೆಟ್ರೋಲಿಗೆ ಇಲ್ಲ: 1935ರ ಅಬಿಸೀನಿಯ ಮತ್ತು ಆಮೇಲಿನ ಮಹಾಯುದ್ಧ

ಹಳೇಪೇಟೆ ರಾಘು

ಎರಡನೇ ಮಹಾಯುದ್ಧ ಹೇಗೆ ಬಂತು ಅಂತ ಯಾರನ್ನು ಕೇಳಿದರೂ ಮ್ಯೂನಿಕ್ ಅನ್ನುತ್ತಾರೆ. 1938ರಲ್ಲಿ ಹಿಟ್ಲರನಿಗೆ ಜೆಕೊಸ್ಲೊವಾಕಿಯದ ಒಂದು ತುಂಡು ಬಿಟ್ಟುಕೊಟ್ಟ ಒಪ್ಪಂದ. ಬ್ರಿಟನ್ನಿನ ಪ್ರಧಾನಿ ಚೇಂಬರ್ಲಿನ್, ಕೊಡೆ, ಕೈಯಲ್ಲೊಂದು ಕಾಗದ. ನನಗೆ ಈ ಉತ್ತರ ಯಾವತ್ತೂ ಸಾಕು ಅನ್ನಿಸಿಲ್ಲ. ಮ್ಯೂನಿಕ್ ಹೊತ್ತಿಗೆ ಮನೆ ಆಗಲೇ ಅರ್ಧ ಸುಟ್ಟಿತ್ತು. ಬೆಂಕಿ ಬಿದ್ದದ್ದು ಮೂರು ವರ್ಷ ಮುಂಚೆ, ಇಥಿಯೋಪಿಯದಲ್ಲಿ. ಆಗ ಎಲ್ಲರೂ ಅಬಿಸೀನಿಯ ಅನ್ನುತ್ತಿದ್ದರು.

ಮೊದಲು ಒಂದು ಪಟ್ಟಿ ನೋಡಿ. 1935ರ ಅಕ್ಟೋಬರ್ 3ಕ್ಕೆ ಇಟಲಿಯ ಸರ್ವಾಧಿಕಾರಿ ಮುಸೋಲಿನಿಯ ಸೈನ್ಯ ತನ್ನ ವಸಾಹತು ಎರಿಟ್ರಿಯದಿಂದ ಮರೆಬ್ ನದಿ ದಾಟಿ ಅಬಿಸೀನಿಯದೊಳಗೆ ನುಗ್ಗಿತು. ನಾಲ್ಕೇ ದಿನದಲ್ಲಿ ರಾಷ್ಟ್ರಸಂಘದ (ವಿಶ್ವಸಂಸ್ಥೆಗೂ ಮುಂಚೆ ಜಿನೀವಾದಲ್ಲಿದ್ದ ದೇಶಗಳ ಒಕ್ಕೂಟ) ಕೌನ್ಸಿಲ್ ಇಟಲಿಯೇ ಆಕ್ರಮಣಕಾರ ಅಂತ ತೀರ್ಮಾನಿಸಿತು. ಆ ಸಂಸ್ಥೆಯ ಮಟ್ಟಿಗೆ ಇದು ಬಹಳ ಬೇಗ. ನವೆಂಬರ್ 18ರಿಂದ ಆರ್ಥಿಕ ನಿರ್ಬಂಧ ಜಾರಿಗೆ ಬಂತು. ಇಟಲಿಗೆ ಸಾಲ ಕೊಡಬಾರದು, ಇಟಲಿಯ ಮಾಲು ಕೊಳ್ಳಬಾರದು, ಆಯುಧ ಮಾರಬಾರದು. ಇನ್ನೂ ಏನೇನು ಮಾರಬಾರದು? ರಬ್ಬರ್, ತವರ, ನಿಕ್ಕಲ್, ಅಲ್ಯೂಮಿನಿಯಂ, ಕಬ್ಬಿಣದ ಅದಿರು. ಆಮೇಲೆ ಕುದುರೆ, ಹೇಸರಗತ್ತೆ, ಕತ್ತೆ, ಒಂಟೆ.

ತಮಾಷೆ ಮಾಡುತ್ತಿಲ್ಲ. ಕತ್ತೆ, ಒಂಟೆ ನಿಜವಾಗಿ ಪಟ್ಟಿಯಲ್ಲಿದ್ದವು.

ಪೆಟ್ರೋಲ್ ಇರಲಿಲ್ಲ. ಕಲ್ಲಿದ್ದಲೂ ಇರಲಿಲ್ಲ. ಅದಿರು ಮಾರಬಾರದು, ಉಕ್ಕು ಮಾರಬಹುದು! ಅಲ್ಯೂಮಿನಿಯಂ ಅಂತೂ ಇಟಲಿಯಲ್ಲೇ ಬೇಕಾದಷ್ಟು ತಯಾರಾಗುತ್ತಿತ್ತು. ಲಾರಿ ಮತ್ತು ವಿಮಾನಗಳ ಮೇಲೆ ನಿಂತ ಸೈನ್ಯಕ್ಕೆ ಕತ್ತೆ ತಪ್ಪಿಸಿ ಪೆಟ್ರೋಲ್ ಬಿಟ್ಟರು. ಆ ಪೆಟ್ರೋಲೊಂದನ್ನು ನಿಲ್ಲಿಸಿದ್ದರೆ ಮುಸೋಲಿನಿ ವಾಪಸ್ ಹೋಗುತ್ತಿದ್ದ, ಹಿಟ್ಲರ್ ಬಾಲ ಮುದುರಿಕೊಳ್ಳುತ್ತಿದ್ದ ಅನ್ನೋದು ನನ್ನ ವಾದ. ಬನ್ನಿ, ತಪ್ಪಿದ್ದರೆ ತಿದ್ದಿ.

ಮಲೆನಾಡ ಮಾಣಿ

ಕತ್ತೆಗೆ ನಿಷೇಧ ಹಾಕಿದವರ ಕಡೆಯೇ ಕತ್ತೆಗಳು ಜಾಸ್ತಿ ಇದ್ದವು ಅನ್ನಿಸುತ್ತೆ.

ಕೆಎಎಸ್ ಕನಸು

ರಾಘು ಸಾರ್, ನಮ್ಮ ನೋಟ್ಸಿನಲ್ಲಿ ಇದು ಎರಡೇ ಸಾಲು. "ಇಟಲಿಯು ಅಬಿಸೀನಿಯವನ್ನು ಆಕ್ರಮಿಸಿತು. ರಾಷ್ಟ್ರಸಂಘ ವಿಫಲವಾಯಿತು." ಅಷ್ಟೇ. ಆಮೇಲೆ ನೇರ ಮ್ಯೂನಿಕ್. ಮಧ್ಯೆ ಏನಾಯಿತು, ಹಿಟ್ಲರ್‌ಗೂ ಇದಕ್ಕೂ ಏನು ಸಂಬಂಧ ಅಂತ ಯಾರೂ ಹೇಳಿಲ್ಲ. ಆಫ್ರಿಕದ ಜಗಳ ತಾನೇ ಇದು?

ನಿವೃತ್ತ ಮೇಷ್ಟ್ರು

ಮಗೂ, ಅಲ್ಲೇ ಇರೋದು ಕೀಲಿ. ಆಗ ಹಿಟ್ಲರನಿಗೆ ನಿಜವಾಗಿ ಅಡ್ಡ ನಿಂತವನು ಇಂಗ್ಲೆಂಡಿನವನಲ್ಲ, ಮುಸೋಲಿನಿ. 1934ರ ಜುಲೈನಲ್ಲಿ ಆಸ್ಟ್ರಿಯದ ಚಾನ್ಸಲರ್ ಡಾಲ್ಫಸ್‌ನನ್ನು ಅಲ್ಲಿನ ನಾಜಿಗಳು ಕೊಂದರು. ಡಾಲ್ಫಸ್‌ನ ಹೆಂಡತಿ ಮಕ್ಕಳು ಆಗ ಇಟಲಿಯಲ್ಲಿ ಮುಸೋಲಿನಿಯ ಅತಿಥಿಗಳು. ಸಾವಿನ ಸುದ್ದಿಯನ್ನು ಆಕೆಗೆ ಅವನೇ ಹೇಳಬೇಕಾಯಿತು. ತಕ್ಷಣ ಆಸ್ಟ್ರಿಯದ ಗಡಿಯ ಬ್ರೆನ್ನರ್ ಕಣಿವೆ ದಾರಿಗೆ ಸೈನ್ಯ ಕಳಿಸಿದ. ಹಿಟ್ಲರ್ ನನಗೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಜಾರಿಕೊಂಡ.

1935ರ ಏಪ್ರಿಲ್‌ನಲ್ಲಿ ಇಟಲಿಯ ಸ್ಟ್ರೇಸ ಊರಿನ ಸರೋವರದ ನಡುವೆ ಒಂದು ದ್ವೀಪ, ಅದರಲ್ಲೊಂದು ಅರಮನೆ. ಅಲ್ಲಿ ಬ್ರಿಟನ್, ಫ್ರಾನ್ಸ್, ಇಟಲಿ ಮೂರೂ ಕೂತು, ಜರ್ಮನಿ ಒಪ್ಪಂದ ಮುರಿದರೆ ಒಟ್ಟಾಗಿ ತಡೆಯುತ್ತೇವೆ ಎಂದವು. ಹೇಳಿಕೆಯ ಕರಡಿನಲ್ಲಿ "ಶಾಂತಿ" ಅಂತಿದ್ದ ಕಡೆ ಮುಸೋಲಿನಿ "ಯೂರೋಪಿನ" ಅಂತ ಒಂದು ಪದ ಸೇರಿಸಿದ. ಯೂರೋಪಿನ ಶಾಂತಿ. ಅಂದರೆ ಆಫ್ರಿಕದ ಶಾಂತಿಗೆ ಈ ಮಾತು ಅನ್ವಯಿಸದು. ಮೇಜಿನ ಸುತ್ತ ಕೂತ ಎಲ್ಲರಿಗೂ ಅರ್ಥವಾಯಿತು. ಬ್ರಿಟನ್ನಿನ ಪ್ರಧಾನಿ ಮ್ಯಾಕ್‌ಡೊನಾಲ್ಡ್, ವಿದೇಶ ಮಂತ್ರಿ ಸೈಮನ್ ಇಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತ ಅವನು ತಿಳಿದುಕೊಂಡದ್ದರಲ್ಲಿ ತಪ್ಪೇನಿದೆ?

ರಾಘು, ನಿಮ್ಮ ತಾರೀಕಿನ ಬಗ್ಗೆ ಮಾತ್ರ ನನಗೆ ತಕರಾರಿದೆ. ನಾನಾದರೆ ಇನ್ನೂ ಹಿಂದೆ, 1931ರಲ್ಲಿ ಚೀನಾದ ಮಂಚೂರಿಯಕ್ಕೆ ಹೋಗುತ್ತೇನೆ. ಜಪಾನ್ ನುಗ್ಗಿತು, ರಾಷ್ಟ್ರಸಂಘ ಲಿಟ್ಟನ್ ಸಮಿತಿ ಕಳಿಸಿತು, ವರದಿ ಬರೋದಕ್ಕೆ ಒಂದು ವರ್ಷ. 1933ರ ಫೆಬ್ರವರಿಯಲ್ಲಿ 42 ದೇಶ ಒಂದು ಕಡೆ, ಜಪಾನ್ ಒಂದೇ ಇನ್ನೊಂದು ಕಡೆ. ಜಪಾನಿನವರು ಎದ್ದು ಹೊರಟೇಹೋದರು. ರೋಮ್‌ನಲ್ಲಿ ಕೂತವನು ಇದನ್ನೆಲ್ಲ ನೋಡುತ್ತಿದ್ದ.

ಹಳೇಪೇಟೆ ರಾಘು

ಮೇಷ್ಟ್ರೇ, ಮಂಚೂರಿಯ ಒಪ್ಪಿದೆ. ಆದರೆ ಅಲ್ಲಿ ಯಾರೂ ಏನೂ ಮಾಡಲಿಲ್ಲ. ಅಬಿಸೀನಿಯದಲ್ಲಿ ಅರ್ಧ ಮಾಡಿದರು. ಏನೂ ಮಾಡದೆ ಕೂತಿದ್ದರೆ ಮುಸೋಲಿನಿ ಗೆಳೆಯನಾಗಿ ಉಳಿಯುತ್ತಿದ್ದ. ಪೂರ್ತಿ ಮಾಡಿದ್ದರೆ ಸೋಲುತ್ತಿದ್ದ. ಅರ್ಧ ಮಾಡಿದ್ದರಿಂದ ಗೆದ್ದೂ ಗೆದ್ದ, ಶತ್ರುವೂ ಆದ. ಹಾವು ಸಾಯಲಿಲ್ಲ, ಕೋಲೂ ಮುರಿಯಿತು.

ಹಡಗಿನಲ್ಲಿದ್ದವ

ನಾನು ಇಪ್ಪತ್ತೆರಡು ವರ್ಷ ಟ್ಯಾಂಕರ್‌ಗಳ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿದವ. ಊರು ಉಳ್ಳಾಲ. ಸೂಯೆಜ್ ದಾಟಿದ ಲೆಕ್ಕ ಇಟ್ಟಿಲ್ಲ. ಹಾಗಾಗಿ ಪೆಟ್ರೋಲಿನ ಮಾತಿಗೆ ಬಾಯಿ ಹಾಕುತ್ತೇನೆ.

"ಪೆಟ್ರೋಲ್ ನಿಲ್ಲಿಸಿದ್ದರೆ" ಅಂತ ಸುಲಭವಾಗಿ ಬರೆದುಬಿಟ್ಟಿರಿ. ಯಾರು ನಿಲ್ಲಿಸೋದು? ಇಟಲಿಗೆ ಎಣ್ಣೆ ಬರುತ್ತಿದ್ದದ್ದು ರುಮೇನಿಯದಿಂದ, ಸೋವಿಯತ್ ರಷ್ಯಾದಿಂದ, ಇರಾನಿನಿಂದ. ಇವರನ್ನು ರಾಷ್ಟ್ರಸಂಘ ಹಿಡಿಯಬಹುದಿತ್ತು. ಅಮೆರಿಕವನ್ನು? ಅದು ಸಂಘದ ಸದಸ್ಯನೇ ಅಲ್ಲ. 1935ರ ಆಗಸ್ಟ್‌ನಲ್ಲಿ ಅವರು ಮಾಡಿದ ತಟಸ್ಥ ನೀತಿಯ ಕಾಯ್ದೆ ಆಯುಧ ಮಾರಾಟ ತಡೆಯುತ್ತಿತ್ತು, ಎಣ್ಣೆ ತಡೆಯುತ್ತಿರಲಿಲ್ಲ. ಅಲ್ಲಿನ ಸರ್ಕಾರ ಕಂಪನಿಗಳಿಗೆ "ದಯವಿಟ್ಟು ಜಾಸ್ತಿ ಮಾರಬೇಡಿ" ಅಂತ ಬುದ್ಧಿ ಹೇಳಿತು. ಮಾರಾಟ ಏರಿತು.

ರಾಷ್ಟ್ರಸಂಘದ ಪರಿಣತರೇ 1936ರ ಫೆಬ್ರವರಿಯಲ್ಲಿ ಲೆಕ್ಕ ಹಾಕಿ ಕೊಟ್ಟರು. ಎಲ್ಲರೂ ನಿಲ್ಲಿಸಿ, ಅಮೆರಿಕ ತನ್ನ ಮಾಮೂಲಿ ಮಾರಾಟಕ್ಕಿಂತ ಮೇಲೆ ಹೋಗದಿದ್ದರೆ, ಮೂರರಿಂದ ಮೂರೂವರೆ ತಿಂಗಳಲ್ಲಿ ಇಟಲಿಗೆ ಬಿಸಿ ತಟ್ಟುತ್ತದೆ ಅಂತ. ಈ "ದಿದ್ದರೆ" ಎಷ್ಟು ಭಾರದ್ದು ನೋಡಿ.

ನಿಜವಾದ ನಲ್ಲಿ ಇದ್ದದ್ದು ಸೂಯೆಜ್‌ನಲ್ಲಿ. ಇಟಲಿಯಿಂದ ಎರಿಟ್ರಿಯದ ಮಸಾವಾ ಬಂದರಿಗೆ ಹೋಗುವ ಪ್ರತಿ ಸೈನಿಕ, ಪ್ರತಿ ಲಾರಿ, ಪ್ರತಿ ಬಾಂಬು ಆ ಕಾಲುವೆ ದಾಟಬೇಕು. ಇಲ್ಲದಿದ್ದರೆ ಇಡೀ ಆಫ್ರಿಕ ಸುತ್ತಿ ಬರಬೇಕು. ಕಾಲುವೆ ಕಂಪನಿಯ ಷೇರಿನಲ್ಲಿ 44 ಶೇಕಡ ಬ್ರಿಟಿಷ್ ಸರ್ಕಾರದ್ದು. ಈಜಿಪ್ಟಿನಲ್ಲಿ ಬ್ರಿಟಿಷ್ ಸೈನ್ಯ, ಸೆಪ್ಟೆಂಬರಿನಿಂದ ಅಲೆಗ್ಸಾಂಡ್ರಿಯದಲ್ಲಿ ಬ್ರಿಟಿಷ್ ನೌಕಾಪಡೆ. ಇಟಲಿಯ ಹಡಗುಗಳು ಇವರ ಮೂಗಿನ ಕೆಳಗೆ ಸಾಲಾಗಿ ಹೋದವು. ಸುಮ್ನೆ ಹೋಗಲಿಲ್ಲ, ಸುಂಕ ಕಟ್ಟಿ ಹೋದವು. ಕಾಲುವೆಯಲ್ಲಿ ಹಡಗಿನ ಟನ್ ಲೆಕ್ಕದ ಜೊತೆಗೆ ಆಗ ತಲೆ ಲೆಕ್ಕದ ಸುಂಕವೂ ಇತ್ತು. ಅಬಿಸೀನಿಯಕ್ಕೆ ಹೊರಟ ಒಬ್ಬೊಬ್ಬ ಸೈನಿಕನ ಮೇಲೂ ಕಂಪನಿಗೆ ದುಡ್ಡು ಬಂತು.

ಪೋರ್ಟ್ ಸಯ್ಯದ್ ಹೊರಗೆ ಸರತಿಗೆ ಕಾಯುತ್ತ ಎರಡು ದಿನ ಲಂಗರು ಹಾಕಿ ಬಿದ್ದುಕೊಂಡಾಗೆಲ್ಲ ನನಗೆ ಇದು ನೆನಪಾಗುತ್ತಿತ್ತು. ನಮ್ಮ ಹಡಗನ್ನು ಒಂದು ಕಾಗದ ಕಮ್ಮಿ ಇದೆ ಅಂತ ತಡೆದು ನಿಲ್ಲಿಸಿದ ಜಾಗ ಅದು.

ನಿವೃತ್ತ ಮೇಷ್ಟ್ರು

ಹಡಗಿನವರು ಹೇಳಿದ್ದು ಕೇಳಿ ಬಹಳ ಸಂತೋಷವಾಯಿತು. ಆದರೆ ಕಾಲುವೆ ಮುಚ್ಚುವುದಕ್ಕೆ ಒಂದು ತೊಡಕಿತ್ತು. 1888ರ ಕಾನ್‌ಸ್ಟಾಂಟಿನೋಪಲ್ ಒಪ್ಪಂದದ ಪ್ರಕಾರ ಸೂಯೆಜ್ ಯುದ್ಧ ಕಾಲದಲ್ಲೂ ಎಲ್ಲ ದೇಶದ ಹಡಗಿಗೂ ತೆರೆದಿರಬೇಕು. ಮುಚ್ಚಿದರೆ ಅದು ಯುದ್ಧ ಸಾರಿದ ಹಾಗೆಯೇ.

ಹಡಗಿನಲ್ಲಿದ್ದವ

ಹೌದು ಮೇಷ್ಟ್ರೇ. ರಾಷ್ಟ್ರಸಂಘದ ಒಡಂಬಡಿಕೆಗೂ ಇಟಲಿ ಸಹಿ ಹಾಕಿತ್ತು. 1928ರಲ್ಲಿ ಅಬಿಸೀನಿಯದ ಜೊತೆ 20 ವರ್ಷದ ಸ್ನೇಹ ಒಪ್ಪಂದಕ್ಕೂ ಸಹಿ ಹಾಕಿತ್ತು. ಎಲ್ಲ ಒಪ್ಪಂದ ಮುರಿದವನಿಗೆ ಒಂದೇ ಒಂದು ಒಪ್ಪಂದದ ಲಾಭ ಮಾತ್ರ ಪೂರ್ತಿ ಸಿಗಬೇಕು ಅನ್ನೋದು ಯಾವ ಊರಿನ ನ್ಯಾಯ!

ಲೆಕ್ಕದ ಪ್ರಸಾದ

ನಾನು ಬ್ರಿಟನ್ ಪರವಾಗಿ ನಾಲ್ಕು ಮಾತಾಡುತ್ತೇನೆ, ಬೈಯಬೇಡಿ. 1935ರಲ್ಲಿ ಅವರ ಜಾಗದಲ್ಲಿ ಕೂತು ನೋಡಿ. ಪೂರ್ವದಲ್ಲಿ ಜಪಾನ್ ಚೀನಾವನ್ನು ಕಡಿಯುತ್ತಾ ಬರುತ್ತಿದೆ. ಸಿಂಗಪುರದ ನೌಕಾ ನೆಲೆ ಇನ್ನೂ ಮುಗಿದಿಲ್ಲ. ಮಾರ್ಚ್‌ನಲ್ಲಿ ಹಿಟ್ಲರ್ ಕಡ್ಡಾಯ ಸೈನಿಕ ಸೇವೆ ತಂದಿದ್ದಾನೆ. ಈಗ ಮೆಡಿಟರೇನಿಯನ್‌ನಲ್ಲಿ ಇಟಲಿಯ ಜೊತೆ ಜಗಳ ತೆಗೆದರೆ ಮೂರು ದಿಕ್ಕಿನಲ್ಲಿ ಮೂರು ಶತ್ರುಗಳು. ಅವರ ಸೇನಾ ಮುಖ್ಯಸ್ಥರು ಪದೇ ಪದೇ ಇದನ್ನೇ ಹೇಳಿದರು. ಹಡಗುಗಳಲ್ಲಿ ವಿಮಾನ ಹೊಡೆಯುವ ಗುಂಡಿಗೂ ಕೊರತೆ ಇತ್ತು. ಗೆಲ್ಲುತ್ತಿದ್ದರು, ಅನುಮಾನವಿಲ್ಲ. ಆದರೆ ನಾಲ್ಕೈದು ದೊಡ್ಡ ಹಡಗು ಮುಳುಗಿದ್ದರೆ ಜಪಾನಿನ ಎದುರು ಏನು ನಿಲ್ಲಿಸುವುದು?

ಫ್ರಾನ್ಸ್ ಕಥೆ ಇನ್ನೂ ಕಷ್ಟದ್ದು. 1935ರ ಜನವರಿಯಲ್ಲಿ ಅವರ ವಿದೇಶ ಮಂತ್ರಿ ಲಾವಾಲ್ ರೋಮ್‌ಗೆ ಹೋಗಿ ಮುಸೋಲಿನಿಯ ಜೊತೆ ರಾಜಿ ಮಾಡಿಕೊಂಡು ಬಂದಿದ್ದ. ಇಟಲಿ ಗೆಳೆಯನಾದರೆ ಆಲ್ಪ್ಸ್ ಗಡಿಯ ಪಡೆಗಳನ್ನು ಜರ್ಮನಿಯ ಎದುರಿಗೆ, ರೈನ್ ನದಿಯ ಕಡೆಗೆ ಸಾಗಿಸಬಹುದು. ಪ್ಯಾರಿಸ್ಸಿನಲ್ಲಿ ಕೂತವನಿಗೆ ಅಡಿಸ್ ಅಬಾಬಾ ದೂರ, ರೈನ್ ಹತ್ತಿರ.

ಶಾಲ್ಮಲಾ ತೀರ

ಇಷ್ಟು ಹೊತ್ತು ಓದಿದೆ. ಎಲ್ಲರೂ ಲಂಡನ್, ಪ್ಯಾರಿಸ್, ರೋಮ್, ಬರ್ಲಿನ್ ಅನ್ನುತ್ತಿದ್ದೀರಿ. ಬಾಂಬು ಬಿದ್ದ ದೇಶದ ಒಬ್ಬರ ಹೆಸರನ್ನೂ ಯಾರೂ ಎತ್ತಿಲ್ಲ. ಆಗ ಅವರೂ ಹೀಗೇ ಮಾಡಿದ್ದು ಅಲ್ವಾ?

ಅಬಿಸೀನಿಯ ರಾಷ್ಟ್ರಸಂಘ ಸೇರಿದ್ದು 1923ರಲ್ಲಿ. ಅಲ್ಲಿ ಗುಲಾಮಗಿರಿ ಇದೆ, ಸೇರಿಸಬೇಡಿ ಅಂತ ಅಡ್ಡಿ ಮಾಡಿದವರಲ್ಲಿ ಬ್ರಿಟನ್ ಮುಂದಿತ್ತು. ಗುಲಾಮಗಿರಿ ಇದ್ದದ್ದು ನಿಜ, ಆ ಚಕ್ರವರ್ತಿಗಳನ್ನು ದೇವತೆ ಮಾಡಬೇಕಾಗಿಲ್ಲ. ಆದರೆ ಸದಸ್ಯ ಅಂದಮೇಲೆ ಸದಸ್ಯ. ಒಬ್ಬನ ಮೇಲೆ ಬಿದ್ದರೆ ಎಲ್ಲರ ಮೇಲೆ ಬಿದ್ದ ಹಾಗೆ ಅಂತ ಬರೆದುಕೊಂಡಿದ್ದರು.

ಇಟಲಿಗೆ ಹಳೇ ಹೊಟ್ಟೆಉರಿ ಬೇರೆ ಇತ್ತು. 1896ರಲ್ಲಿ ಅಡ್ವಾದಲ್ಲಿ ಎರಡನೇ ಮೆನೆಲಿಕ್ ಅವರನ್ನು ಬಡಿದು ಓಡಿಸಿದ್ದ. 1935ರಲ್ಲಿ ಯುದ್ಧ ಶುರುವಾದ ಮೂರೇ ದಿನಕ್ಕೆ ಅಡ್ವಾ ಹಿಡಿದರು, ರೋಮ್‌ನಲ್ಲಿ ಹಬ್ಬ. ಆಮೇಲೆ ಬೆಟ್ಟಗಳಲ್ಲಿ ಮುಂದೆ ಹೋಗುವುದು ನಿಧಾನವಾಯಿತು. ನಿಧಾನ ಮಾಡಿದ ಅಂತ ಸೇನಾಪತಿ ದೆ ಬೋನೊನನ್ನು ತೆಗೆದು ಬಡೋಲ್ಯೊನನ್ನು ಹಾಕಿದರು. ಡಿಸೆಂಬರ್ ಕೊನೆಗೆ ವಿಮಾನದಿಂದ ಮಸ್ಟರ್ಡ್ ಅನಿಲ, ಚರ್ಮ ಸುಡುವ ವಿಷ. ವಿಷಾನಿಲ ಬಳಸುವುದಿಲ್ಲ ಅಂತ 1925ರ ಜಿನೀವಾ ಒಪ್ಪಂದಕ್ಕೆ ಇಟಲಿಯೂ ಸಹಿ ಹಾಕಿತ್ತು. ಡಿಸೆಂಬರ್ 30ರಂದು ಮೆಲ್ಕಾ ದಿಡಾದಲ್ಲಿ ಸ್ವೀಡನ್ನಿನ ರೆಡ್‌ಕ್ರಾಸ್ ಆಸ್ಪತ್ರೆ ಡೇರೆಗಳ ಮೇಲೇ ಬಾಂಬು ಹಾಕಿದರು.

ಒಂಬತ್ತು, ಹದಿನೈದು, ಹದಿನೆಂಟು ವಿಮಾನ ಒಂದರ ಹಿಂದೊಂದು ಬರುತ್ತಿದ್ದವಂತೆ, ಸುರಿದ ಮಂಜು ಒಂದೇ ಹಾಸಿನ ಹಾಗೆ ಹಬ್ಬಲಿ ಅಂತ. ಇದನ್ನು ಅಬಿಸೀನಿಯದ ಚಕ್ರವರ್ತಿ ಹೈಲೆ ಸೆಲಾಸಿಯೇ ಜಿನೀವಾದಲ್ಲಿ ನಿಂತು ಹೇಳಿದ್ದು. ಜನರ ಮೇಲೆ, ದನಗಳ ಮೇಲೆ, ಹೊಳೆಯ ಮೇಲೆ, ಮೇವಿನ ಮೇಲೆ. ಆ ಡಿಸೆಂಬರಿನಲ್ಲಿ ಲಂಡನ್ನು ಪ್ಯಾರಿಸ್ಸು ಏನು ಮಾಡುತ್ತಿದ್ದವು, ಅದನ್ನೂ ಯಾರಾದರೂ ಬರೆಯಿರಿ.

ಹಳೇಪೇಟೆ ರಾಘು

ಅಕ್ಕಾ, ಚೆನ್ನಾಗಿ ಜಾಡಿಸಿದಿರಿ. ಆ ಡಿಸೆಂಬರ್ ಕಥೆ ನಾನು ಹೇಳುತ್ತೇನೆ.

ಬ್ರಿಟನ್ನಿನಲ್ಲಿ ಆ ವರ್ಷ ಒಂದು ದೊಡ್ಡ ಜನಮತ ಸಂಗ್ರಹ ನಡೆದಿತ್ತು, ಸರ್ಕಾರದ್ದಲ್ಲ, ಸ್ವಯಂಸೇವಕರು ಮನೆ ಮನೆಗೆ ಹೋಗಿ ಮಾಡಿದ್ದು. 1 ಕೋಟಿ 10 ಲಕ್ಷಕ್ಕೂ ಜಾಸ್ತಿ ಜನ ಉತ್ತರ ಕೊಟ್ಟರು. ಆಕ್ರಮಣ ಮಾಡಿದ ದೇಶದ ಮೇಲೆ ಆರ್ಥಿಕ ನಿರ್ಬಂಧ ಬೇಕು ಅಂದವರು 1 ಕೋಟಿ ಮೀರಿದರು. ಯುದ್ಧವಾದರೂ ಸರಿ ಅಂದವರು ಸುಮಾರು 67 ಲಕ್ಷ. ಪ್ರಧಾನಿಯಾದ ಬಾಲ್ಡ್ವಿನ್ ಇದನ್ನು ನೋಡಿಯೇ ನವೆಂಬರ್ 14ರ ಚುನಾವಣೆಗೆ ರಾಷ್ಟ್ರಸಂಘದ ಬಾವುಟ ಹಿಡಿದ, ಗೆದ್ದ. ನಾಲ್ಕು ದಿನಕ್ಕೆ ನಿರ್ಬಂಧ ಜಾರಿ. ಮೂರು ವಾರಕ್ಕೆ ದ್ರೋಹ.

ಡಿಸೆಂಬರ್ 7, 8. ವಿದೇಶ ಮಂತ್ರಿ ಸ್ಯಾಮ್ಯುಯೆಲ್ ಹೋರ್ ರಜಕ್ಕೆ ಸ್ವಿಟ್ಜರ್ಲೆಂಡಿಗೆ ಹೊರಟಿದ್ದ. ದಾರಿಯಲ್ಲಿ ಪ್ಯಾರಿಸ್ಸಿನಲ್ಲಿ ಇಳಿದು ಲಾವಾಲ್ ಜೊತೆ ಕೂತು ಅಬಿಸೀನಿಯವನ್ನು ನಕ್ಷೆಯ ಮೇಲೆ ಕುಯ್ದ. ಇಟಲಿಗೆ ದೇಶದ ದೊಡ್ಡ ಪಾಲು. ಅಬಿಸೀನಿಯಕ್ಕೆ ಸಮುದ್ರಕ್ಕೆ ಹೋಗಲು ಒಂದು ಸಣ್ಣ ಓಣಿ. ಆ ಓಣಿಯಲ್ಲಿ ರೈಲು ಹಾಕಬಾರದು ಅಂತ ಬೇರೆ ಷರತ್ತಿನ ಸುದ್ದಿ. ಲಂಡನ್ನಿನ ಟೈಮ್ಸ್ ಪತ್ರಿಕೆ ಸಂಪಾದಕೀಯಕ್ಕೆ ಕೊಟ್ಟ ತಲೆಬರಹ "ಒಂಟೆಗಳಿಗೊಂದು ಓಣಿ".

ಮರುದಿನವೇ ಪ್ಯಾರಿಸ್ ಪತ್ರಿಕೆಗಳಲ್ಲಿ ಗುಟ್ಟು ರಟ್ಟಾಯಿತು. ಮತ ಹಾಕಿದ ಜನ ಕೆರಳಿದರು. ಹೋರ್ ಅಷ್ಟರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಮಂಜಿನ ಮೇಲೆ ಸ್ಕೇಟಿಂಗ್ ಮಾಡಿ, ಬಿದ್ದು, ಮೂಗು ಮುರಿದುಕೊಂಡಿದ್ದ. ಪಟ್ಟಿ ಸುತ್ತಿದ ಮೂಗಿನಲ್ಲೇ ವಾಪಸ್ ಬಂದು ಡಿಸೆಂಬರ್ 18ಕ್ಕೆ ರಾಜೀನಾಮೆ ಕೊಟ್ಟ. ಆ ಜಾಗಕ್ಕೆ ಈಡನ್ ಬಂದ.

ಮಲೆನಾಡ ಮಾಣಿ

ಮೂಗು ಮುರಿದದ್ದೊಂದೇ ಈ ಕಥೆಯಲ್ಲಿ ಆದ ನ್ಯಾಯ.

ಲೆಕ್ಕದ ಪ್ರಸಾದ

ಅದೇ ಡಿಸೆಂಬರ್ 18ರಂದು ರೋಮ್‌ನಲ್ಲಿ ಏನಾಯಿತು ಗೊತ್ತಾ? ರಾಣಿ ಎಲೆನಾ ಯೋಧರ ಸ್ಮಾರಕಕ್ಕೆ ಬಂದು ತನ್ನ ಮದುವೆಯ ಉಂಗುರ ತೆಗೆದು ಬೆಂಕಿಯ ಕುಂಡದಲ್ಲಿ ಹಾಕಿದಳು. ಹಿಂದೆಯೇ ಸಾವಿರಾರು ಹೆಂಗಸರು. ಚಿನ್ನದ ಉಂಗುರ ಕೊಟ್ಟವರಿಗೆ ಉಕ್ಕಿನ ಉಂಗುರ ಕೊಟ್ಟರು. ನಾಟಕಕಾರ ಪಿರಾಂಡೆಲೊ ತನ್ನ ನೊಬೆಲ್ ಪದಕವನ್ನೇ ಕೊಟ್ಟ. ಅಲ್ಲಿವರೆಗೆ ಮುಸೋಲಿನಿಯ ಯುದ್ಧವಾಗಿದ್ದದ್ದು ಅವತ್ತಿನಿಂದ ಮನೆ ಮನೆಯ ಯುದ್ಧವಾಯಿತು. ಅರೆಬರೆ ನಿರ್ಬಂಧ ಇಟಲಿಯ ಹೊಟ್ಟೆಗೆ ತಟ್ಟಲಿಲ್ಲ, ಮಾನಕ್ಕೆ ತಟ್ಟಿತು. ಇದೊಂದರಲ್ಲಿ ರಾಘು ಮಾತಿಗೆ ನನ್ನ ಓಟು.

ಇನ್ನೊಂದು ಲೆಕ್ಕವೂ ಇದೆ. ಮೊದಲು ಇಟಲಿ ಕಲ್ಲಿದ್ದಲನ್ನು ಬ್ರಿಟನ್ನಿನಿಂದ ತರಿಸುತ್ತಿತ್ತು. ಇಟಲಿಯ ಮಾಲು ಕೊಳ್ಳಬಾರದು ಅಂದಮೇಲೆ ಇಟಲಿಗೆ ದುಡ್ಡೆಲ್ಲಿಂದ ಬರಬೇಕು? ಜರ್ಮನಿ 1933ರಲ್ಲೇ ರಾಷ್ಟ್ರಸಂಘ ಬಿಟ್ಟಿತ್ತು, ಅದಕ್ಕೆ ಈ ನಿಯಮ ಅನ್ವಯಿಸದು. ಕಲ್ಲಿದ್ದಲು ಜರ್ಮನಿಯಿಂದ ಬರತೊಡಗಿತು. ಗಿರಾಕಿ ಒಂದು ಸಲ ಅಂಗಡಿ ಬದಲಿಸಿದರೆ ವಾಪಸ್ ಬರುವುದು ಕಷ್ಟ.

ಕೆಎಎಸ್ ಕನಸು

ಹಾಗಾದರೆ ಹಿಟ್ಲರ್ ಇಟಲಿಗೆ ಸಹಾಯ ಮಾಡಿದ ಅಂತ ಬರೆದುಕೊಳ್ಳಲಾ?

ಹಳೇಪೇಟೆ ರಾಘು

ನಿಲ್ಲಿ ನಿಲ್ಲಿ. ಇಟಲಿಗೆ ಕಲ್ಲಿದ್ದಲು ಮಾರಿದ. ಕದ್ದುಮುಚ್ಚಿ ಅಬಿಸೀನಿಯಕ್ಕೆ ಬಂದೂಕನ್ನೂ ಕಳಿಸಿದ. ಆ ಯುದ್ಧ ಬೇಗ ಮುಗಿಯುವುದು ಅವನಿಗೆ ಬೇಕಿರಲಿಲ್ಲ. ಮುಸೋಲಿನಿ ಆಫ್ರಿಕದಲ್ಲಿ ಹೂತುಕೊಂಡಷ್ಟೂ ದಿನ ಆಸ್ಟ್ರಿಯದ ಬಾಗಿಲಲ್ಲಿ ಕಾವಲಿಲ್ಲ. ಇದನ್ನು ಬರೆದುಕೊಳ್ಳಿ.

ನಿವೃತ್ತ ಮೇಷ್ಟ್ರು

ಈಗ 1936ರ ಮಾರ್ಚ್ ತಿಂಗಳ ಮೊದಲ ವಾರಕ್ಕೆ ಬನ್ನಿ. ನಾನು ಪಾಠ ಮಾಡುವಾಗ ಬೋರ್ಡಿನ ಮೇಲೆ ಎರಡೇ ತಾರೀಕು ಬರೆಯುತ್ತಿದ್ದೆ. ಮಾರ್ಚ್ 2, ಸೋಮವಾರ. ಮಾರ್ಚ್ 7, ಶನಿವಾರ.

ಸೋಮವಾರ ಈಡನ್ ಜಿನೀವಾದಲ್ಲಿ ಎದ್ದು ನಿಂತು, ಎಣ್ಣೆಯ ನಿರ್ಬಂಧಕ್ಕೆ ಬ್ರಿಟನ್ ಒಪ್ಪುತ್ತದೆ ಅಂದ. ಕೊನೆಗೂ! ಫ್ರಾನ್ಸಿನ ವಿದೇಶ ಮಂತ್ರಿ ಫ್ಲಾಂದೆ, ಇನ್ನೊಂದು ಸಲ ರಾಜಿಗೆ ಪ್ರಯತ್ನಿಸೋಣ, ಸ್ವಲ್ಪ ತಡೆಯಿರಿ ಅಂದ. ತಡೆದರು. ಶನಿವಾರ ಬೆಳಿಗ್ಗೆ ಜರ್ಮನ್ ಸೈನ್ಯ ರೈನ್‌ಲ್ಯಾಂಡಿಗೆ, ಫ್ರಾನ್ಸಿನ ಗಡಿಗೆ ತಾಗಿದ ಜರ್ಮನಿಯ ಸೀಮೆಗೆ, ನಡೆಯಿತು.

ಮೊದಲ ಮಹಾಯುದ್ಧ ಮುಗಿಸಿದ ವರ್ಸೇಲ್ಸ್ ಒಪ್ಪಂದದಂತೆ ಅಲ್ಲಿ ಜರ್ಮನಿ ಸೈನ್ಯ ಇಡುವಂತಿಲ್ಲ. 1925ರ ಲೊಕಾರ್ನೊ ಒಪ್ಪಂದದಲ್ಲಿ ಜರ್ಮನಿ ಅದನ್ನೇ ತಾನಾಗಿ ಒಪ್ಪಿ ಸಹಿ ಹಾಕಿತ್ತು. ಲೊಕಾರ್ನೊಗೆ ಜಾಮೀನು ನಿಂತವರು ಇಬ್ಬರು, ಬ್ರಿಟನ್ ಮತ್ತು ಇಟಲಿ. ಒಬ್ಬ ಜಾಮೀನುದಾರನ ಮೇಲೆ ಇನ್ನೊಬ್ಬ ನಿರ್ಬಂಧ ಹಾಕಿ ಕೂತಿದ್ದಾನೆ! ಮುಸೋಲಿನಿ ಆಗಲೇ ಜರ್ಮನ್ ರಾಯಭಾರಿ ಹಾಸೆಲ್‌ನ ಕಿವಿಯಲ್ಲಿ ಹೇಳಿಯಾಗಿತ್ತು: ಲೊಕಾರ್ನೊ ಹೆಸರಲ್ಲಿ ನಾನು ನಿಮ್ಮ ಮೇಲೆ ಬರುವುದಿಲ್ಲ. ಆಸ್ಟ್ರಿಯ ನಿಮ್ಮ ಹಿಂದೆ ಬಂದರೂ ನನ್ನ ಅಭ್ಯಂತರವಿಲ್ಲ. ಎರಡು ವರ್ಷ ಹಿಂದೆ ಬ್ರೆನ್ನರ್‌ಗೆ ಸೈನ್ಯ ಕಳಿಸಿದ ಅದೇ ಮನುಷ್ಯ.

ರೈನ್‌ಲ್ಯಾಂಡಿನ ಗಲಾಟೆಯಲ್ಲಿ ಎಣ್ಣೆಯ ಮಾತು ಸತ್ತೇಹೋಯಿತು. ಇಲ್ಲಿ ನಾನು ರಾಘು ಪಕ್ಷ ಸೇರಿದೆ. ಮಂಚೂರಿಯ ಮೊದಲ ಬಿರುಕು, ಗೋಡೆ ಬಿದ್ದದ್ದು ಇಲ್ಲಿ.

ಹಡಗಿನಲ್ಲಿದ್ದವ

ಎಣ್ಣೆಯ ಬಗ್ಗೆ ಇನ್ನೊಂದು ಮಾತು. ಹಿಟ್ಲರನ ದುಭಾಷಿ ಪೌಲ್ ಸ್ಮಿತ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಮ್ಯೂನಿಕ್‌ನಲ್ಲಿ ಮುಸೋಲಿನಿ ಹಿಟ್ಲರ್ ಹತ್ತಿರ ಹೇಳಿದನಂತೆ, ಅವರು ಎಣ್ಣೆ ನಿಲ್ಲಿಸಿದ್ದರೆ ನಾನು ಒಂದೇ ವಾರದಲ್ಲಿ ಅಬಿಸೀನಿಯ ಬಿಟ್ಟು ಬರಬೇಕಿತ್ತು ಅಂತ.

ನನಗೆ ಇದು ಪೂರ್ತಿ ನಂಬಿಕೆ ಇಲ್ಲ. ಟ್ಯಾಂಕಿನಲ್ಲಿ ದಾಸ್ತಾನು ಇರುತ್ತದೆ, ಒಂದು ವಾರಕ್ಕೆ ಯಾವ ದೇಶವೂ ಬರಿದಾಗುವುದಿಲ್ಲ. ಗೆದ್ದವನು ತಾನು ಎಷ್ಟು ಅಪಾಯ ದಾಟಿ ಬಂದೆ ಅಂತ ಉಬ್ಬಿಸಿ ಹೇಳುವುದು ಸಹಜ. ಆದರೆ ಹೆದರಿದ್ದ ಅನ್ನುವುದು ಖಂಡಿತ. ಎಣ್ಣೆ ನಿಲ್ಲಿಸಿದರೆ ಯುದ್ಧ ಅಂತ ಗದರಿಸಿದ್ದ, ಅವರು ಆ ಗದರಿಕೆಗೆ ಹೆದರಿದರು. ಇಬ್ಬರೂ ಹೆದರಿದ್ದರು. ಮೊದಲು ಕಣ್ಣು ಮಿಟುಕಿಸಿದವರು ಸೋತರು.

ತಮಾಷೆ ನೋಡಿ, ಲಿಬಿಯ ಆಗ ಇಟಲಿಯದೇ ವಸಾಹತು. ಆ ಮರಳಿನ ಕೆಳಗೆ ಅಷ್ಟು ಎಣ್ಣೆ ಇದೆ ಅಂತ ಗೊತ್ತಾದದ್ದು 1950ರ ದಶಕದ ಕೊನೆಗೆ.

ಸುಮ ಶಿರಸಿ

ನಾನು ಇತಿಹಾಸದವಳಲ್ಲ, ಸುಮ್ನೆ ಓದುತ್ತಾ ಕೂತಿದ್ದೆ. ನಮ್ಮ ದೊಡ್ಡಪ್ಪ ಎಪ್ಪತ್ತರ ದಶಕದಲ್ಲಿ ಇಥಿಯೋಪಿಯದಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಅವರ ಟ್ರಂಕಿನಲ್ಲಿ ಒಂದು ದೊಡ್ಡ ಬೆಳ್ಳಿ ನಾಣ್ಯ ಇದೆ. ಒಂದು ಕಡೆ ತಲೆಗೆ ಮುಸುಕು ಹಾಕಿದ ದಪ್ಪ ಹೆಂಗಸು, ಇನ್ನೊಂದು ಕಡೆ ಎರಡು ತಲೆಯ ಹದ್ದು, 1780 ಅಂತ ಇಸವಿ. ಪೇಟೆಯಲ್ಲಿ ಒಬ್ಬ ಬೆಳ್ಳಿ ವ್ಯಾಪಾರಿಗೆ ತೋರಿಸಿದೆ. ಅಷ್ಟು ಹಳೇದು ಇಷ್ಟು ಹೊಸದಾಗಿ ಕಾಣಲ್ಲ, ಇದು ನಕಲಿ, ಬೇಕಾದರೆ ಕರಗಿಸಿ ಲೋಟ ಮಾಡಿಕೊಡ್ತೀನಿ ಅಂದ. ನಿಮ್ಮ ಯುದ್ಧಕ್ಕೂ ಇದಕ್ಕೂ ಏನಾದರೂ ನಂಟು ಇದೆಯಾ?

ನಿವೃತ್ತ ಮೇಷ್ಟ್ರು

ತಾಯೀ, ದಯವಿಟ್ಟು ಕರಗಿಸಬೇಡಿ! ಅದು ಮರಿಯಾ ಥೆರೇಸಾ ಥಾಲರ್. ಆಸ್ಟ್ರಿಯದ ರಾಣಿ, ತೀರಿಕೊಂಡದ್ದು 1780. ಅಬಿಸೀನಿಯ, ಅರೇಬಿಯದ ಜನ ಆ ನಾಣ್ಯವನ್ನೇ ನಂಬುತ್ತಿದ್ದರು, ಬೇರೆ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಹಾಗಾಗಿ ಯಾವ ಕಾಲದಲ್ಲಿ ಟಂಕಿಸಿದರೂ ಇಸವಿ 1780 ಅಂತಲೇ. ನಕಲಿ ಅಲ್ಲ, ಹೊಸದಾಗಿ ಹೊಡೆದ ಅಸಲಿ.

ನಂಟು ಇದೆ. ಅಬಿಸೀನಿಯದಲ್ಲಿ ಕೂಲಿ, ಕಾಳು, ಕತ್ತೆ ಏನು ಕೊಳ್ಳಬೇಕಾದರೂ ಈ ನಾಣ್ಯ ಬೇಕು. ಅದಕ್ಕೆ ಮುಸೋಲಿನಿ 1935ರಲ್ಲಿ ಇದರ ಅಚ್ಚನ್ನೇ ವಿಯೆನ್ನಾದಿಂದ ರೋಮ್‌ಗೆ ತರಿಸಿಕೊಂಡ. ಇಟಲಿಯ ಮೇಲೆ ನಿರ್ಬಂಧ ಬೇಡ ಅಂದ ಮೂರು ದೇಶಗಳಲ್ಲಿ ಆಸ್ಟ್ರಿಯವೂ ಒಂದು, ಹಂಗೇರಿ ಅಲ್ಬೇನಿಯ ಜೊತೆಗೆ. ಆಮೇಲೆ 1940-41ರಲ್ಲಿ ಬ್ರಿಟಿಷರು ಪೂರ್ವ ಆಫ್ರಿಕದಲ್ಲಿ ಇಟಲಿಯ ಮೇಲೆ ಹೋದಾಗ ಅವರಿಗೂ ಇದೇ ಬೇಕಾಯಿತು. ಟಂಕಿಸಿದ್ದು ಎಲ್ಲಿ ಗೊತ್ತಾ? ನಮ್ಮ ಬೊಂಬಾಯಿ ಟಂಕಸಾಲೆಯಲ್ಲಿ. ನಿಮ್ಮದು ಎಲ್ಲಿಯದು ಅಂತ ನಾಣ್ಯ ಬಲ್ಲವರು ಹದ್ದಿನ ಬಾಲ, ಪುಕ್ಕ ನೋಡಿ ಹೇಳುತ್ತಾರೆ.

ಶಾಲ್ಮಲಾ ತೀರ

ಇದೆಷ್ಟು ಚೆನ್ನಾಗಿದೆ. ಬೊಂಬಾಯಿ ಅಂದಾಗ ನೆನಪಾಯಿತು, ನಮ್ಮವರು ಆಗ ಏನೆಂದರು?

ನಿವೃತ್ತ ಮೇಷ್ಟ್ರು

ಭಾರತ ರಾಷ್ಟ್ರಸಂಘದ ಸದಸ್ಯ, ಆದರೆ ಮಾತಾಡುತ್ತಿದ್ದದ್ದು ಬ್ರಿಟಿಷ್ ಸರ್ಕಾರ ಕಳಿಸಿದವರು. ದೇಶದ ಮನಸ್ಸು ಬೇರೆಯೇ ಇತ್ತು. 1936ರ ಫೆಬ್ರವರಿ ಕೊನೆಗೆ ಜವಾಹರಲಾಲ್ ನೆಹರೂ ಅವರ ಪತ್ನಿ ಕಮಲಾ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು. ಅಸ್ಥಿ ಹಿಡಿದು ವಿಮಾನದಲ್ಲಿ ವಾಪಸ್ ಬರುವಾಗ ನೆಹರೂ ರೋಮ್‌ನಲ್ಲಿ ಇಳಿಯಬೇಕಾಯಿತು. ಮುಸೋಲಿನಿಯಿಂದ ಭೇಟಿಗೆ ಕರೆ. ಅಧಿಕಾರಿಗಳು ಎಷ್ಟು ಒತ್ತಾಯ ಮಾಡಿದರೂ ನೆಹರೂ ಹೋಗಲಿಲ್ಲ. ಭೇಟಿಯಾದರೆ ಅದನ್ನೇ ಪ್ರಚಾರ ಮಾಡಿಕೊಳ್ಳುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಏಪ್ರಿಲ್‌ನ ಲಖನೌ ಕಾಂಗ್ರೆಸ್ ಅಧಿವೇಶನ ಅಬಿಸೀನಿಯದ ಪರ ನಿರ್ಣಯ ಮಾಡಿತು.

ಇನ್ನೊಂದು. ಮೇ ತಿಂಗಳಲ್ಲಿ ಚಕ್ರವರ್ತಿ ಜಿಬೂತಿಯ ರೈಲು ಹತ್ತಿದ ಮೇಲೆ, ಇಟಲಿಯವರು ಬರುವ ಮುಂಚೆ, ಅಡಿಸ್ ಅಬಾಬಾ ಲೂಟಿಯಾಯಿತು. ಆಗ ಬ್ರಿಟಿಷ್ ರಾಯಭಾರ ಕಚೇರಿಯ ಆವರಣದಲ್ಲಿ ಅಡಗಿದ ಜನರನ್ನು ಕಾದದ್ದು ಪಂಜಾಬ್ ರೆಜಿಮೆಂಟಿನ ನಮ್ಮ ಸಿಪಾಯಿಗಳು.

ಶಾಲ್ಮಲಾ ತೀರ

ಮೇ 5ಕ್ಕೆ ಅಡಿಸ್ ಅಬಾಬಾ ಬಿತ್ತು. ಜೂನ್ 30ಕ್ಕೆ ಹೈಲೆ ಸೆಲಾಸಿ ಜಿನೀವಾದಲ್ಲಿ ಮಾತಿಗೆ ನಿಂತರು. ಗ್ಯಾಲರಿಯಲ್ಲಿದ್ದ ಇಟಲಿಯ ಪತ್ರಕರ್ತರು ಸೀಟಿ ಊದಿ, ಕೂಗಿ ಗಲಾಟೆ ಮಾಡಿದರು. ರುಮೇನಿಯದ ಟಿಟುಲೆಸ್ಕು ಎದ್ದು, ಈ ಕಾಡುಜನರನ್ನು ಆಚೆ ಹಾಕಿ ಅಂತ ಗುಡುಗಿದ. ಗಮನಿಸಿ, ಕಾಡುಜನ ಅಂದದ್ದು ಆಫ್ರಿಕದವರಿಗಲ್ಲ, ರೋಮ್‌ನವರಿಗೆ. ಚಕ್ರವರ್ತಿ ಗಲಾಟೆ ನಿಲ್ಲುವವರೆಗೆ ಸುಮ್ಮನೆ ನಿಂತಿದ್ದು, ಆಮೇಲೆ ಅಮ್ಹಾರಿಕ್‌ನಲ್ಲಿ ಮಾತಾಡಿದರು. ನನ್ನ ಜನಕ್ಕೆ ನಾನು ಏನು ಉತ್ತರ ಒಯ್ಯಲಿ ಅಂತ ಕೇಳಿ ಮುಗಿಸಿದರು. ಹದಿನೈದು ದಿನದಲ್ಲಿ, ಜುಲೈ 15ಕ್ಕೆ, ನಿರ್ಬಂಧ ತೆಗೆದುಹಾಕಿದರು. ಅದೇ ಉತ್ತರ.

ಲೆಕ್ಕದ ಪ್ರಸಾದ

ಮುಂದಿನದ್ದು ದಡದಡ ಉರುಳಿತು. 1936ರ ನವೆಂಬರ್ 1ಕ್ಕೆ ಮಿಲಾನಿನಲ್ಲಿ ಮುಸೋಲಿನಿ ರೋಮ್-ಬರ್ಲಿನ್ ಅಕ್ಷದ, ಅಂದರೆ ಇಟಲಿ ಜರ್ಮನಿ ಜೋಡಿಯ, ಮಾತಾಡಿದ. 1937ರ ಡಿಸೆಂಬರ್‌ನಲ್ಲಿ ರಾಷ್ಟ್ರಸಂಘ ಬಿಟ್ಟ. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯ ನುಂಗಿದಾಗ ಬ್ರೆನ್ನರ್‌ನಲ್ಲಿ ಒಂದು ಸೈನಿಕನೂ ಅಲ್ಲಾಡಲಿಲ್ಲ. ಇದನ್ನು ಎಂದೂ ಮರೆಯುವುದಿಲ್ಲ ಅಂತ ಹಿಟ್ಲರ್ ಫೋನಿನಲ್ಲಿ ಗದ್ಗದನಾಗಿ ಹೇಳಿ ಕಳಿಸಿದ. ಆಸ್ಟ್ರಿಯ ಹೋದ ಮೇಲೆ ಜೆಕೊಸ್ಲೊವಾಕಿಯ ಮೂರು ಕಡೆಯಿಂದ ಜರ್ಮನಿಯ ಬಾಯಲ್ಲಿ. ಮ್ಯೂನಿಕ್ ಬಂದದ್ದು ಆಗ.

ಆದರೂ ನನ್ನ ತಕರಾರು ಪೂರ್ತಿ ಹೋಗಿಲ್ಲ ರಾಘು. ಎಣ್ಣೆ ನಿಲ್ಲಿಸಿದ್ದರೆ ಹಿಟ್ಲರ್ ಬಾಲ ಮುದುರುತ್ತಿದ್ದ ಅಂದಿರಿ. ಹಿಟ್ಲರನಿಗೆ ಯುದ್ಧ ಬೇಕೇ ಬೇಕಿತ್ತು. ತಡವಾಗಿ ಬರುತ್ತಿತ್ತೋ ಏನೋ.

ಹಳೇಪೇಟೆ ರಾಘು

ಒಪ್ಪಿದೆ, ಆ ಸಾಲು ಜಾಸ್ತಿಯಾಯಿತು. ಹಡಗಿನವರ ಲೆಕ್ಕ ಓದಿದ ಮೇಲೆ "ಪೆಟ್ರೋಲೊಂದನ್ನು" ಅನ್ನೋದನ್ನೂ ವಾಪಸ್ ತಗೊಂಡೆ. ಕಾಲುವೆ ಮುಚ್ಚುವ ಧೈರ್ಯವಿಲ್ಲದವರು ಎಣ್ಣೆಯನ್ನೂ ಗಟ್ಟಿಯಾಗಿ ನಿಲ್ಲಿಸುತ್ತಿರಲಿಲ್ಲ. ಯುದ್ಧ ಬರುತ್ತಿತ್ತು ಅಂತಲೇ ಇಟ್ಟುಕೊಳ್ಳೋಣ. ಇಟಲಿ ಯಾವ ಕಡೆ ಇರುತ್ತಿತ್ತು, ಆಸ್ಟ್ರಿಯದ ಬಾಗಿಲು ತೆರೆದಿರುತ್ತಿತ್ತಾ, ಅದು ಬದಲಾಗುತ್ತಿತ್ತು. ನನ್ನ ವಾದ ಇಷ್ಟಕ್ಕೇ ಇಳಿಸುತ್ತೇನೆ.

ಕೆಎಎಸ್ ಕನಸು

ಸಾರ್, ಹೈಲೆ ಸೆಲಾಸಿ ವಾಪಸ್ ಹೋದರಾ?

ಹಡಗಿನಲ್ಲಿದ್ದವ

ಹೋದರು. 1941ರ ಮೇ 5. ಅಡಿಸ್ ಅಬಾಬಾ ಬಿದ್ದು ಸರಿಯಾಗಿ ಐದು ವರ್ಷಕ್ಕೆ. ದಾರಿ ಬಿಡಿಸಿದ ಕದನಗಳಲ್ಲಿ ದೊಡ್ಡದು ಎರಿಟ್ರಿಯದ ಕೆರೆನ್. ಅಲ್ಲಿ ಹೋರಾಡಿದ್ದು 4ನೇ ಮತ್ತು 5ನೇ ಭಾರತೀಯ ಡಿವಿಷನ್. ಆ ಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ತಂದು ಇಟ್ಟ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು. ಜಾಲಹಳ್ಳಿ ಕಡೆ ಹಳಬರನ್ನು ಕೇಳಿ, ಹೇಳುತ್ತಾರೆ.

ಸುಮ ಶಿರಸಿ

ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ, 28 ಗ್ರಾಂ ಬಂತು. ಅಂಚಿನಲ್ಲಿ ಏನೋ ಅಕ್ಷರ ಕೊರೆದಿದೆ ಮೇಷ್ಟ್ರೇ. ಭೂತಗನ್ನಡಿ ಹಿಡಿದರೂ ಅರ್ಥವಾಗಲಿಲ್ಲ.

ನಿವೃತ್ತ ಮೇಷ್ಟ್ರು

ತೂಕ ಸರಿಯಾಗಿದೆ. ಅಕ್ಷರ ಲ್ಯಾಟಿನ್ನಿನದು ತಾಯಿ. ನ್ಯಾಯ ಮತ್ತು ದಯೆ ಅಂತ.

ಮಲೆನಾಡ ಮಾಣಿ

ಅದಕ್ಕೇ ಅಂಚಿಗೆ ಹಾಕಿದ್ದಾರೆ.